ಚೆಂಡು ಎಸೆಯುವವರು

ಟಿಳಕವಾಡಿ, ಬೆಳಗಾವಿ
12 ಜನವರಿ 2025

ಚಿ. ಮುಗ್ಧಾಳಿಗೆ ಆಶೀರ್ವಾದಗಳು.

‘ಚಿ.’ ಎಂದು ಬರೆದು, ಅದರ ಮುಂದೆ ‘ಸೌ.’ ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದುಕೊಂಡೇ ಒಂದು ಕಪ್ ಚಹಾ ಕುಡಿದು ಮುಗಿಸಿದೆ. ಕೊನೆಗೆ ಬಿಟ್ಟುಬಿಟ್ಟೆ. ನಿನ್ನದೂ ವಿಕ್ರಮನದೂ ಕೋರ್ಟಿನ ಕಾಗದವಾಗಿ ಒಂದೂವರೆ ವರ್ಷವಾಯಿತು. ಬಿಟ್ಟುಹೋದ ಸೊಸೆಗೆ ಅತ್ತೆಯಾದವಳು ಹೇಗೆ ಕಾಗದ ಬರೆಯಬೇಕು ಎಂದು ಯಾವ ಹಿರಿಯರೂ ನನಗೆ ಹೇಳಿಕೊಟ್ಟಿಲ್ಲ.

ಇದರ ಜೊತೆ ಸಣ್ಣ ಪೊಟ್ಟಣದಲ್ಲಿ ಕುಸುರೆಳ್ಳು ಇದೆ. ಸಂಕ್ರಮಣಕ್ಕೆ ಮಾತು ಬಿಟ್ಟವರಿಗೂ ಎಳ್ಳು ಕೊಡಬೇಕು ಎನ್ನುತ್ತಾರೆ. ನಾವು ಮಾತು ಬಿಟ್ಟವರಲ್ಲ, ಮಾತು ನಿಂತುಹೋದವರು. ಆದ್ದರಿಂದ ಒಂದು ಹಿಡಿ ಹೆಚ್ಚೇ ಹಾಕಿದ್ದೇನೆ. ನಿನ್ನ ಮೊದಲ ಸಂಕ್ರಮಣಕ್ಕೆ ಕರಿ ಸೀರೆ ಉಡಿಸಿ ಕುಸುರೆಳ್ಳಿನ ಆಭರಣ ತೊಡಿಸಿದ್ದೆವು, ನೆನಪಿದೆಯೇ? ಆರತಿ ಮುಗಿಯುವುದರೊಳಗೆ ನಿನ್ನ ಸರಕ್ಕೆ ಇರುವೆ ಮುತ್ತಿ ನೀನು ನಗುತ್ತಾ ಕುಣಿದಾಡಿದ್ದೆ. ನಿನ್ನ ಫೋನ್ ನಂಬರು ನನ್ನ ಹತ್ತಿರ ಇಲ್ಲ. ವಕೀಲರು ಹೇಳಿದರೆಂದು ವಿಕ್ರಮ ಅಳಿಸಿದ, ನನ್ನ ಎದುರಿಗೇ ನನ್ನದರಿಂದಲೂ ಅಳಿಸಿದ. ಖಾನಾಪುರದ ಶಾಲೆಯ ವಿಳಾಸ ಮಾತ್ರ ಗೊತ್ತಿತ್ತು.

ಕುಸುರೆಳ್ಳು ನೆಪ. ಖರೇ ಕೆಲಸ ಬೇರೆ ಇದೆ. ನಾನು ಟೆನಿಸ್ ಆಡುತ್ತಿದ್ದೇನೆ. ನಗು. ನಕ್ಕು ಮುಗಿಸಿ ಮುಂದೆ ಓದು.

ನಮ್ಮ ಕಾಲೊನಿಯ ಕೋರ್ಟಿನಲ್ಲಿ ಬೆಳಿಗ್ಗೆ ಏಳರಿಂದ ಎಂಟು, ಅರವತ್ತು ದಾಟಿದ ಹೆಂಗಸರ ಗುಂಪು. ಬ್ಯಾಂಕಿನಿಂದ ನಿವೃತ್ತಳಾದ ಮನಿಷಾ ಎಂಬುವಳು ನನ್ನ ಜೋಡಿ. ನನಗೆ ಓಡಲು ಬರುವುದಿಲ್ಲವೆಂದು ನೆಟ್ಟಿನ ಹತ್ತಿರ ನಿಲ್ಲಿಸುತ್ತಾಳೆ. ಅಲ್ಲಿ ನಿಂತರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯಬೇಕಂತೆ, ಅದಕ್ಕೆ ವಾಲಿ ಎನ್ನುತ್ತಾರಂತೆ. ಯುನಿವರ್ಸಿಟಿಗೆ ಆಡಿದವಳು ನೀನು, ನಿನಗೇನು ಹೇಳುವುದು. ನಾನು ಕೈ ಎತ್ತಿ ಬೀಸುತ್ತೇನೆ, ಅಷ್ಟರಲ್ಲಿ ಚೆಂಡು ಕಿವಿಯ ಬಾಜುವಿನಿಂದ ಹೋಗಿರುತ್ತದೆ. ಮೊನ್ನೆ ಮನಿಷಾ ಎಲ್ಲರ ಎದುರು, “ಅಲಕಾ, ಅದೇನ್ ಸೊಳ್ಳಿ ಹೊಡ್ಯಾಕತ್ತೀರೇನ್ರೀ?” ಎಂದಳು. ಸೊಳ್ಳೆ ಹೊಡೆಯುವ ಬ್ಯಾಟು ಬಿಟ್ಟರೆ ನಾನು ಜನ್ಮದಲ್ಲಿ ಬೇರೆ ಬ್ಯಾಟು ಹಿಡಿದವಳಲ್ಲ.

ಮಾರ್ಚ್ ಒಂಬತ್ತಕ್ಕೆ ಮಹಿಳಾ ದಿನದ ಲೆಕ್ಕದಲ್ಲಿ ಪಂದ್ಯ ಇಟ್ಟಿದ್ದಾರೆ. ಅಷ್ಟರಲ್ಲಿ ಕಲಿಯದಿದ್ದರೆ ಮನಿಷಾ ಬೇರೆಯವರನ್ನು ಹಿಡಿಯುತ್ತಾಳಂತೆ. ಆಮೇಲೆ ನನಗೆ ಆ ಒಂದು ತಾಸೂ ಇಲ್ಲ. ಆ ತಾಸು ಬಿಟ್ಟರೆ ದಿನವಿಡೀ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಮುಗ್ಧಾ. ಅದಕ್ಕೇ ಕೇಳುತ್ತಿದ್ದೇನೆ. ವಾಲಿ ಹೇಗೆ ಹೊಡೆಯಬೇಕು ಎಂದು ಬರೆದು ಕಳಿಸು.

ಕಪಾಟಿನ ಮೇಲೆ ನೀನು ಬಿಟ್ಟುಹೋದ ರ‍್ಯಾಕೆಟ್ಟೇ ಬಳಸುತ್ತಿದ್ದೇನೆ. ಕೇಳದೆ ತೆಗೆದುಕೊಂಡೆ. ಬೈಯುವುದಿದ್ದರೆ ಅದನ್ನೂ ಬರೆ.

ಅಲಕಾ
(ವಿಕ್ರಮನ ತಾಯಿ)

*

ಖಾನಾಪುರ
18 ಜನವರಿ 2025

ಅಲಕಾ ಅವರಿಗೆ,

ನಮಸ್ಕಾರ. ಪತ್ರವೂ ಕುಸುರೆಳ್ಳೂ ತಲುಪಿದವು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದೆ. ಯಾರು ಕಳಿಸಿದ್ದು ಎಂದು ಕೇಳಿದರು. ಬೆಳಗಾವಿಯಿಂದ ಬಂತು ಎಂದೆ.

ರ‍್ಯಾಕೆಟ್ ಇಟ್ಟುಕೊಳ್ಳಿ. ನನಗೆ ಬೇಕಾಗಿಲ್ಲ.

ನೀವು ಮಾಡುತ್ತಿರುವ ತಪ್ಪು ಎಲ್ಲರೂ ಮಾಡುವಂಥದ್ದೇ. ಚೆಂಡು ಬರುವುದು ಕಂಡ ಕೂಡಲೇ ಕೈ ಹಿಂದಕ್ಕೆ ಹೋಗುತ್ತದೆ, ಜೋರಾಗಿ ಬೀಸಬೇಕು ಅನಿಸುತ್ತದೆ. ವಾಲಿಯಲ್ಲಿ ಬೀಸುವುದೇ ಇಲ್ಲ. ಎದುರಿನವರು ಹೊಡೆದ ವೇಗವೇ ಸಾಕು. ನೀವು ಅಡ್ಡ ಹೋಗಿ, ಒಂದು ಗೇಣು ಮುಂದಕ್ಕೆ ತಳ್ಳಿದರೆ ಮುಗಿಯಿತು. ರ‍್ಯಾಕೆಟ್ಟನ್ನು ಸುತ್ತಿಗೆ ಹಿಡಿದ ಹಾಗೆ ಹಿಡಿಯಿರಿ. ಅದರ ತಲೆ ಯಾವಾಗಲೂ ಮಣಿಕಟ್ಟಿಗಿಂತ ಮೇಲೆ ಇರಲಿ. ಮೊಣಕೈ ಹೊಟ್ಟೆಗೆ ಅಂಟಿಸಿಕೊಳ್ಳಬೇಡಿ, ಎದೆಯ ಮುಂದೆ ಇರಲಿ. ಚೆಂಡು ನಿಮ್ಮ ಹತ್ತಿರ ಬರಲಿ ಎಂದು ಕಾಯಬಾರದು, ನೀವೇ ಮುಂದೆ ಹೋಗಿ ಅದನ್ನು ಮುಟ್ಟಬೇಕು.

ನಮ್ಮ ಕೋಚ್ ಒಂದು ಉಪಾಯ ಹೇಳಿಕೊಟ್ಟಿದ್ದರು. ಗೋಡೆಗೆ ಬೆನ್ನು ಹಚ್ಚಿ ನಿಂತು ಹೊಡೆದು ನೋಡಿ. ಕೈ ಹಿಂದೆ ಹೋದರೆ ರ‍್ಯಾಕೆಟ್ ಗೋಡೆಗೆ ಬಡಿದು ಸದ್ದಾಗುತ್ತದೆ. ಸದ್ದು ನಿಲ್ಲುವವರೆಗೆ ಅದನ್ನೇ ಮಾಡಿ.

ನಾನಿಲ್ಲಿ ಚೆನ್ನಾಗಿದ್ದೇನೆ. ಸಂಜೆ ಮೈದಾನದಲ್ಲಿ ನಾನೂ ಸ್ವಲ್ಪ ಆಡುತ್ತೇನೆ. ರವಿವಾರ ಗೆಳತಿಯರ ಜೊತೆ ತಿರುಗಾಡುವುದರಲ್ಲಿ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ನನ್ನ ಚಿಂತೆ ಬೇಡ.

ಇಂತಿ,
ಮುಗ್ಧಾ

*

ಬೆಳಗಾವಿ
24 ಜನವರಿ 2025

ಪ್ರೀತಿಯ ಮುಗ್ಧಾ,

‘ಅಲಕಾ ಅವರಿಗೆ’ ಎಂದು ಓದಿ ಎಷ್ಟು ಖುಷಿಯಾಯಿತು ಹೇಳಲಾರೆ. ನಾಲ್ಕು ವರ್ಷ ಮನೆಯಲ್ಲಿ “ಅತ್ತಿ, ಅತ್ತಿ” ಎಂದು ಹಿಂದೆ ಮುಂದೆ ಓಡಾಡಿದವಳು ಇಷ್ಟು ಹತ್ತಿರದಿಂದ ಹೆಸರು ಹಿಡಿದು ಕರೆಯುತ್ತೀ ಎಂದುಕೊಂಡಿರಲಿಲ್ಲ. ವಿಕ್ರಮನ ಅಪ್ಪ ಕೂಡ ಕೊನೆತನಕ ನನ್ನನ್ನು “ಏ, ಇಲ್ಲಿ ಕೇಳ್ ಬಾ” ಎಂದೇ ಕರೆದರು. ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಮೂವತ್ತಾರು ವರ್ಷ ನನ್ನ ಹೆಸರು ಕಪಾಟಿನಲ್ಲೇ ಇತ್ತು. ನಮಗಿನ್ನು ಅತ್ತೆ ಸೊಸೆ ಎಂಬ ಗೋಜು ಬೇಡ, ಗೆಳತಿಯರ ಹಾಗೆ ಇರೋಣ ಎಂದು ನೀನೇ ದಾರಿ ಮಾಡಿಕೊಟ್ಟೆ. ಒಳ್ಳೆಯದು ಮಾಡಿದೆ.

ಗೋಡೆಯ ಪಾಠ ಶುರುವಾಗಿದೆ. ಮೊದಲು ಅಡುಗೆಮನೆಯಿಂದ ಕೊಬ್ಬರಿ ಒಡೆಯುವ ಸುತ್ತಿಗೆ ತಂದು ಹಿಡಿದು ನೋಡಿ, ಆ ಕೈ ಹಾಗೇ ಇಟ್ಟು ರ‍್ಯಾಕೆಟ್ ಹಿಡಿದೆ. ಬೆನ್ನು ಹಚ್ಚಿದ್ದು ಹಾಲ್‌ನ ಗೋಡೆಗೆ, ನಿಮ್ಮ ಮದುವೆಯ ಫೋಟೋ ಇದ್ದ ಜಾಗದಲ್ಲಿ. ಫೋಟೋ ತೆಗೆದರೂ ಅದರ ಚೌಕ ಅಲ್ಲಿ ಬೆಳ್ಳಗೆ ಉಳಿದುಬಿಟ್ಟಿದೆ. ಕೈ ಹಿಂದೆ ಹೋದರೆ ಸರಿಯಾಗಿ ಅದಕ್ಕೇ ಬಡಿಯುತ್ತದೆ. ಈಗ ಬಣ್ಣ ಚಕ್ಕೆ ಚಕ್ಕೆ ಎದ್ದಿದೆ. ಪೇಂಟ್ ಹಚ್ಚಿಸು ಎಂದು ಎಷ್ಟು ಸಲ ಹೇಳಿದರೂ ಕೇಳದ ನನ್ನ ಮಗ ಇನ್ನಾದರೂ ಹಚ್ಚಿಸುತ್ತಾನೋ ನೋಡಬೇಕು.

ಸದ್ದು ಕಡಿಮೆಯಾಗಿದೆ. ಆದರೆ ಕೋರ್ಟಿನಲ್ಲಿ ಹೊಸ ಪೀಡೆ. ಚೆಂಡು ಹತ್ತಿರ ಬಂದ ಕೂಡಲೇ ಕಣ್ಣು ತಾವಾಗಿಯೇ ಮುಚ್ಚುತ್ತವೆ. ತೆರೆದರೆ ಮನಿಷಾಳ ಮುಖ ಕಾಣಿಸುತ್ತದೆ, ಅದು ಇನ್ನೂ ಕಷ್ಟ. ಇದಕ್ಕೇನು ಮದ್ದು?

ನಿನ್ನ
ಅಲಕಾ

*

ಖಾನಾಪುರ
30 ಜನವರಿ 2025

ಅಲಕಾ ಅವರಿಗೆ,

ಗೋಡೆಯ ಸಂಗತಿ ಓದಿ ನಕ್ಕೆ. ಒಬ್ಬಳೇ ನಕ್ಕಿದ್ದು ಕೇಳಿ ಬಾಜು ಮನೆಯ ಸಾತವ್ವ “ಏನಾತ್ರೀ ಟೀಚರ?” ಎಂದು ಬಾಗಿಲಿಗೆ ಬಂದಳು. ಏನೂ ಇಲ್ಲ ಎಂದೆ.

ಹೆಸರಿನ ಬಗ್ಗೆ ನೀವು ಬರೆದದ್ದನ್ನೂ ಓದಿದೆ. ನಾನು ಅಷ್ಟೆಲ್ಲ ಯೋಚಿಸಿ ಬರೆದಿರಲಿಲ್ಲ. ನಿಮಗೆ ಹಿಡಿಸಿದ್ದರೆ ಇರಲಿ.

ಕಣ್ಣು ಮುಚ್ಚುವುದು ಅಂಜಿಕೆಯಿಂದ. ಅದಕ್ಕೆ ಬೈದುಕೊಂಡು ಪ್ರಯೋಜನವಿಲ್ಲ. ಕೆಲವು ದಿನ ರ‍್ಯಾಕೆಟ್ ಪಕ್ಕಕ್ಕಿಡಿ. ಯಾರಾದರೂ ನಾಲ್ಕು ಹೆಜ್ಜೆ ದೂರ ನಿಂತು ಮೆಲ್ಲಗೆ ಚೆಂಡು ಎಸೆಯಲಿ, ನೀವು ಬರಿಗೈಯಿಂದ ಹಿಡಿಯಿರಿ. ಹಿಡಿಯುವಾಗ ಕೈ ತಾನಾಗಿ ಮುಂದೆ ಹೋಗುತ್ತದೆ, ಯಾರೂ ಬೆನ್ನ ಹಿಂದೆ ಚೆಂಡು ಹಿಡಿಯುವುದಿಲ್ಲ. ಕಣ್ಣೂ ತೆರೆದೇ ಇರುತ್ತವೆ. ಆ ಕೈಗೇ ಆಮೇಲೆ ರ‍್ಯಾಕೆಟ್ ಕೊಟ್ಟರೆ ಅದೇ ವಾಲಿ. ಬಲಗಡೆ ಬಂದರೆ ಎಡಗಾಲು ಮುಂದಿಡಿ. ಎದುರಿನವರು ಹೊಡೆಯುವ ಹೊತ್ತಿಗೆ ಇದ್ದಲ್ಲೇ ಒಂದು ಸಣ್ಣ ಕುಪ್ಪಳಿಕೆ ಹಾಕಿ, ಕಾಲು ಎಚ್ಚರವಾಗಿರುತ್ತವೆ. ಮಂಡಿ ನೋಡಿಕೊಂಡು ಮಾಡಿ.

ಆದರೆ ಇದು ಒಬ್ಬರೇ ಮಾಡುವ ಅಭ್ಯಾಸವಲ್ಲ. ಎಸೆಯುವವರು ಒಬ್ಬರು ಬೇಕೇ ಬೇಕು. ನಿಮಗೆ ಯಾರಿದ್ದಾರೆ?

ಮುಗ್ಧಾ

*

ಬೆಳಗಾವಿ
5 ಫೆಬ್ರವರಿ 2025

ಪ್ರೀತಿಯ ಮುಗ್ಧಾ,

ಯಾರಿದ್ದಾರೆ ಎಂದರೇನು? ಮನೆಯಲ್ಲಿ ಎತ್ತರದ ಮಗ ಇಲ್ಲವೇ? ವಿಕ್ರಮನೇ ಎಸೆಯುತ್ತಾನೆ. ಉದ್ಯಮಬಾಗದ ಕಾರ್ಖಾನೆಗೆ ಹೊರಡುವ ಮೊದಲು ಹತ್ತು ನಿಮಿಷ, ದಿನಾ ತಪ್ಪದೆ. ಮೊದಲು “ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಆಯಿ?” ಎಂದ. ಆಮೇಲೆ ಅವನಿಗೇ ರುಚಿ ಹತ್ತಿತು. ಎಷ್ಟು ಶಿಸ್ತು ಎನ್ನುತ್ತೀ, ಪ್ರತಿ ಚೆಂಡೂ ಅದೇ ಎತ್ತರಕ್ಕೆ, ಅದೇ ಜಾಗಕ್ಕೆ ಬರುತ್ತದೆ. ಬೇಸರಿಸದೆ ಎಸೆಯುತ್ತಾನೆ. ನಾವಿಬ್ಬರೂ ನಗುತ್ತಾ ನಗುತ್ತಾ ಆಡುವುದು ಕೇಳಿ ಕೆಳಗಿನ ಮನೆಯವರು ಏನು ಗದ್ದಲ ಎಂದು ಕೇಳಿದರು.

ಕಣ್ಣು ಈಗ ತೆರೆದಿರುತ್ತವೆ. ನಿನ್ನೆ ಕೋರ್ಟಿನಲ್ಲಿ ಒಂದು ಚೆಂಡು ‘ಟಪ್’ ಎಂದು ರ‍್ಯಾಕೆಟ್ಟಿನ ನಡುವೆ ಬಡಿದು ಆ ಕಡೆ ಬಿತ್ತು. ಬೀಸಿರಲಿಲ್ಲ, ಬರೀ ಅಡ್ಡ ಹಿಡಿದಿದ್ದೆ. ಅಷ್ಟು ಸುಲಭವೇ ಇದು? ಇಷ್ಟು ದಿನ ಯಾಕೆ ಅಷ್ಟು ಒದ್ದಾಡಿದೆ? ಮನಿಷಾ “ಭಲೇ!” ಎಂದಳು. ಅವಳ ಬಾಯಿಂದ ಅದು ಬಂದದ್ದು ಬರಗಾಲದಲ್ಲಿ ಅಧಿಕಮಾಸ ಬಂದಂತಲ್ಲ, ಬೇಸಿಗೆಯಲ್ಲಿ ಮಳೆ ಬಂದಂತೆ.

ಮುಂದಿನ ಪಾಠ ಕಳಿಸು. ಬಸ್ಸು ಮುಕ್ಕಾಲು ತಾಸಿನಲ್ಲಿ ಮುಟ್ಟುವ ಊರಿಗೆ ನಮ್ಮ ಟಪಾಲು ನಾಲ್ಕು ದಿನ ತೆಗೆದುಕೊಳ್ಳುತ್ತದೆ. ಬೇಗ ಬರೆ.

ನಿನ್ನ
ಅಲಕಾ

*

ಖಾನಾಪುರ
11 ಫೆಬ್ರವರಿ 2025

ಅಲಕಾ ಅವರಿಗೆ,

ಚೆಂಡು ಪ್ರತಿ ಸಲ ಒಂದೇ ಜಾಗಕ್ಕೆ ಬರಬಾರದು. ಪಂದ್ಯದಲ್ಲಿ ಹಾಗೆ ಯಾರೂ ಹೊಡೆಯುವುದಿಲ್ಲ. ಎಡಗಡೆಗೂ, ಕೆಳಗೂ ಎಸೆಯಲು ಹೇಳಿ. ಕೆಳಗಿನ ಚೆಂಡಿಗೆ ರ‍್ಯಾಕೆಟ್ ಇಳಿಸಬೇಡಿ, ಮಂಡಿ ಬಗ್ಗಿಸಿ ನೀವೇ ಇಳಿಯಿರಿ.

ಇನ್ನೊಂದು ಮಾತು. ಹೇಳಬಾರದು ಎಂದುಕೊಂಡೆ, ಆಗುತ್ತಿಲ್ಲ. ಮದುವೆಯಾದ ಹೊಸತರಲ್ಲಿ ಅವರಿಗೆ ಕೇಳಿದ್ದೆ, ರವಿವಾರ ಅರ್ಧ ತಾಸು ನನ್ನ ಜೊತೆ ಕೋರ್ಟಿಗೆ ಬನ್ನಿ ಎಂದು. ಆಡಲು ಬರದಿದ್ದರೆ ಏನಂತೆ, ಎದುರಿಗೆ ನಿಂತು ಚೆಂಡು ಎಸೆದರೆ ಸಾಕು ಎಂದಿದ್ದೆ. “ನೋಡೂಣು” ಎಂದರು. ಆಮೇಲೆ ಆ ಮಾತು ಬರಲೇ ಇಲ್ಲ. ಬೇರೆ ಯಾವ ಮಾತೂ ಬರಲಿಲ್ಲ, ಅದು ನಿಮಗೂ ಗೊತ್ತು. ಅವರ ಸ್ವಭಾವವೇ ಹಾಗೆ, ಅವರಿಂದ ಆಗದ್ದನ್ನು ಕೇಳಿದ್ದು ನನ್ನ ತಪ್ಪು ಎಂದು ಸಮಾಧಾನ ಮಾಡಿಕೊಂಡು ಆ ಮನೆಯಿಂದ ಹೊರಬಿದ್ದೆ. ಆಗುವ ಕೆಲಸವೇ ಆಗಿತ್ತು ಎಂದು ಈಗ ಗೊತ್ತಾಯಿತು. ನನಗೆ ಮಾತ್ರ ಆಗಲಿಲ್ಲ.

ಈ ಪತ್ರಗಳನ್ನು ಅವರೂ ಓದುತ್ತಾರೆಯೇ? ಟೆನಿಸ್ಸಿನ ನೆಪ ಮಾಡಿ ನನ್ನನ್ನು ಮತ್ತೆ ಕರೆಸಿಕೊಳ್ಳುವ ವಿಚಾರ ಇದ್ದರೆ ದಯವಿಟ್ಟು ಬೇಡ. ಹಾಗಿದ್ದರೆ ಇನ್ನು ಬರೆಯಬೇಡಿ.

ಮುಗ್ಧಾ

*

ಬೆಳಗಾವಿ
3 ಮಾರ್ಚ್ 2025

ಮುಗ್ಧಾ,

ನಿನ್ನ ಪತ್ರಕ್ಕೆ ಉತ್ತರ ಬರೆಯುವುದು, ಹರಿಯುವುದು, ಇದರಲ್ಲೇ ದಿನ ಹೋದವು.

ಪತ್ರಗಳನ್ನು ಯಾರೂ ಓದುವುದಿಲ್ಲ. ಅಕ್ಕಿ ಡಬ್ಬಿಯ ಹಿಂದೆ ಇಡುತ್ತೇನೆ, ಆ ಕಡೆ ವಿಕ್ರಮನ ಕೈ ಹೋದದ್ದೇ ಇಲ್ಲ. ನಿನ್ನನ್ನು ಕರೆಸಿಕೊಳ್ಳುವ ವಿಚಾರವೂ ಇಲ್ಲ.

ರವಿವಾರ ಒಂಬತ್ತಕ್ಕೆ, ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಪಂದ್ಯ. ಮನಿಷಾ ನನ್ನನ್ನೇ ಉಳಿಸಿಕೊಂಡಿದ್ದಾಳೆ. ಬಾ ಎಂದು ಬರೆಯುತ್ತಿಲ್ಲ. ಕಲಿಸಿದವಳಿಗೆ ತಿಳಿಸಬೇಕು ಎಂದು ತಿಳಿಸಿದೆ.

ಅಲಕಾ

*

ಬೆಳಗಾವಿ
9 ಮಾರ್ಚ್ 2025, ಮಧ್ಯಾಹ್ನ

ಮುಗ್ಧಾ,

ಸೋತೆವು. ಆದರೆ ಮರ್ಯಾದೆಯಿಂದ ಸೋತೆವು. ಎದುರಿನವರಲ್ಲಿ ಒಬ್ಬಳು ಈಗಷ್ಟೇ ಅರವತ್ತಕ್ಕೆ ಕಾಲಿಟ್ಟವಳು, ಕುದುರೆಯ ಹಾಗೆ ಓಡುತ್ತಾಳೆ. ನೆಟ್ಟಿನ ಹತ್ತಿರ ನಾನು ಸುಮಾರು ಚೆಂಡು ತಡೆದೆ. ಒಂದಕ್ಕೆ ಮಂಡಿ ಬಗ್ಗಿಸಿ ಇಳಿದೆ ಕೂಡ, ಏಳುವುದು ಮಾತ್ರ ಮನಿಷಾಳ ಕೈ ಹಿಡಿದು.

ವಿಕ್ರಮ ಬಂದಿದ್ದ. ಮುಂದಿನ ಸಾಲಿನ ಕುರ್ಚಿಯಲ್ಲೇ ಕುಳಿತಿದ್ದ. ಕೊನೆಕೊನೆಗೆ ಒಂದು ಸುಲಭದ ಚೆಂಡು ಬಂತು, ಆಗ ನಾನು ಅವನ ಕಡೆ ತಿರುಗಿ ನೋಡಿಬಿಟ್ಟೆ, ಚೆಂಡು ಹೋಯಿತು. ಮಗ ನೋಡುತ್ತಿದ್ದಾನೆ ಎಂಬ ಖುಷಿಗೆ ಹಾಗಾಯಿತು, ಇರಲಿ. ಆಮೇಲೆ ಎಲ್ಲರಿಗೂ ಅವನೇ ಚಹಾ ಕುಡಿಸಿದ.

ನೀನು ಕಲಿಸಿದ್ದು ವ್ಯರ್ಥವಾಗಲಿಲ್ಲ ಎಂದು ತಿಳಿಸಲು ಬರೆದೆ. ಸುಖವಾಗಿರು.

ಅಲಕಾ

*

ಖಾನಾಪುರ
9 ಮಾರ್ಚ್ 2025, ಸಂಜೆ

ಅಲಕಾ ಅವರಿಗೆ,

ಇಂದು ಬೆಳಿಗ್ಗೆ ನಾನು ಬಂದಿದ್ದೆ.

ಒಳಗೆ ಬರಲಿಲ್ಲ. ಕೋರ್ಟಿನ ಜಾಳಿಗೆಯ ಹೊರಗೆ ರಸ್ತೆಯ ಬಾಜು ನಿಂತಿದ್ದೆ. ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡಿದ್ದೆ, ಬಸ್ಸಿಗೆ ಕಾಯುವವಳ ಹಾಗೆ. ನೀವು ಚೆನ್ನಾಗಿ ಆಡಿದಿರಿ. ಸುಳ್ಳು ಹೊಗಳಿಕೆಯಲ್ಲ. ಕೈ ಹಿಂದೆ ಹೋಗಲಿಲ್ಲ, ಮೊಣಕೈ ಮುಂದೆ ಇತ್ತು. ಕೊನೆಯ ಆ ಸುಲಭದ ಚೆಂಡು ಬರುವಾಗ ಮಾತ್ರ ನೀವು ಕುರ್ಚಿಗಳ ಕಡೆ ತಿರುಗಿದಿರಿ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯ ಮೇಲೆ ನಿಮ್ಮ ಕೈಚೀಲ ಇಟ್ಟಿದ್ದಿರಿ. ಯಾರೋ ಕುಳಿತುಕೊಳ್ಳಲು ಬಂದಾಗ ನೀವು ಓಡಿಬಂದು, “ಇಲ್ರೀ, ನಮ್ಮ ಮಂದಿ ಬರೂದದ” ಎಂದದ್ದು ರಸ್ತೆಗೂ ಕೇಳಿಸಿತು. ಕೊನೆತನಕ ಆ ಕುರ್ಚಿಯಲ್ಲಿ ಕೈಚೀಲವೇ ಇತ್ತು.

ಆಗ ನನಗೆ ಎಲ್ಲ ತಿಳಿಯಿತು. ಪ್ರತಿ ಸಲ ಅದೇ ಎತ್ತರಕ್ಕೆ, ಅದೇ ಜಾಗಕ್ಕೆ ಚೆಂಡು ಎಸೆಯುವ ಮನುಷ್ಯ ಎಲ್ಲೂ ಇರುವುದಿಲ್ಲ. ಕಲಿಸುವವಳಾದ ನನಗೆ ಓದಿದಾಗಲೇ ಹೊಳೆಯಬೇಕಿತ್ತು. ಸಿಟ್ಟಿನಲ್ಲಿ ಹೊಳೆಯಲಿಲ್ಲ.

ಬಂದು ಆ ಕೈಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂರಬೇಕು ಅನಿಸಿತು. ಗೇಟಿನವರೆಗೆ ಬಂದೆ. ಮನಿಷಾ ಅವರು ಇವಳು ಯಾರು ಎಂದು ಕೇಳಿದರೆ ನೀವು ಏನು ಹೇಳುತ್ತಿದ್ದಿರಿ? ನಾನಾದರೂ ಏನು ಹೇಳಲಿ? ಗೇಟಿನಿಂದಲೇ ಹಿಂದಿರುಗಿದೆ.

ನಾನೂ ಸುಳ್ಳು ಬರೆದಿದ್ದೇನೆ. ಖಾನಾಪುರಕ್ಕೆ ಬಂದ ಮೇಲೆ ನಾನು ರ‍್ಯಾಕೆಟ್ ಹಿಡಿದೇ ಇಲ್ಲ. ರವಿವಾರ ಗೆಳತಿಯರೂ ಇಲ್ಲ. ಬೆಳಿಗ್ಗೆ ಜಾಂಬೋಟಿಯ ಬಸ್ಸು ಹತ್ತುತ್ತೇನೆ, ಅಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ಹಿಂದಿರುಗುತ್ತೇನೆ. ಕಂಡಕ್ಟರ್ ಸಿದ್ದಪ್ಪ ಈಗ ಕೇಳದೆಯೇ ಎರಡೂ ಕಡೆಯ ಟಿಕೆಟ್ ಕೊಡುತ್ತಾನೆ. ಯಾರೂ ಏನೂ ಕೇಳುವುದಿಲ್ಲ, ಅದೇ ಒಳ್ಳೆಯದು ಎಂದುಕೊಂಡಿದ್ದೆ.

‘ಅಲಕಾ ಅವರಿಗೆ’ ಎಂದು ಬರೆದದ್ದು ಹತ್ತಿರವಾಗಲು ಅಲ್ಲ. ದೂರ ಇರಲಿ ಎಂದೇ ಬರೆದೆ. ನೀವು ಅದನ್ನು ಅಷ್ಟು ಪ್ರೀತಿಯಿಂದ ತೆಗೆದುಕೊಂಡಿರಿ, ಆಮೇಲೆ ತಿದ್ದಲು ಮನಸ್ಸಾಗಲಿಲ್ಲ.

ಮುಗ್ಧಾ

*

ಬೆಳಗಾವಿ
15 ಮಾರ್ಚ್ 2025

ಮುಗ್ಧಾ,

ನನ್ನ ಪತ್ರ ನಿನಗೂ ನಿನ್ನದು ನನಗೂ ಒಂದೇ ದಿನ ಮುಟ್ಟಿರಬೇಕು. ಅವನು ಚಹಾ ಕುಡಿಸಿದ ಎಂಬುದನ್ನು ಓದಿ ನೀನು ಏನೆಂದುಕೊಂಡೆಯೋ. ನಾಚಿಕೆಯಿಂದ ಎರಡು ದಿನ ಕೋರ್ಟಿಗೂ ಹೋಗಲಿಲ್ಲ.

ಯಾರೂ ಎಸೆಯಲಿಲ್ಲ, ಮುಗ್ಧಾ. ಕೇಳಿದ್ದು ಹೌದು. “ಆಯಿ, ಟಾಯಂ ಎಲ್ಲೈತಿ?” ಎಂದ. ಅದು ಸುಳ್ಳಲ್ಲ, ಅವನಿಗೆ ಟಾಯಂ ಇಲ್ಲ. ವಿಕ್ರಮನ ಹಳೆಯ ಕಾಲುಚೀಲದೊಳಗೆ ಚೆಂಡು ಹಾಕಿ, ತೂಗುಮಂಚದ ಖಾಲಿ ಕೊಂಡಿಗೆ ಹಗ್ಗ ಕಟ್ಟಿ ಇಳಿಬಿಟ್ಟೆ. ಹೊಡೆದರೆ ಹೋಗುತ್ತದೆ, ತಿರುಗಿ ಬರುತ್ತದೆ. ಪಾಪ, ಅದಕ್ಕೆ ಬೇಸರವೆಂಬುದೇ ಇಲ್ಲ. ಕೆಳಗಿನ ಮನೆಯವರು ಕೇಳಿದ ಗದ್ದಲ ನಮ್ಮ ನಗುವಿನದಲ್ಲ, ಕೊಂಡಿ ಕಿರುಗುಟ್ಟುವುದು. ಬೆಳಿಗ್ಗೆ ಅವನು ಹೋದ ಮೇಲೆ ಕಟ್ಟುತ್ತೇನೆ, ಅವನು ಬರುವ ಮೊದಲು ಬಿಚ್ಚುತ್ತೇನೆ.

ಯಾರೂ ಇಲ್ಲ ಎಂದು ಬರೆದಿದ್ದರೆ ನೀನು ಮರುಗಿ ಬರೆಯುತ್ತಿದ್ದೆ. ವಿಕ್ರಮನ ಅಪ್ಪ ಹೋದಾಗಿನಿಂದ ಮರುಗುವವರನ್ನು ಕಂಡು ಕಂಡು ಸಾಕಾಗಿದೆ. ಪಾಠ ಬೇಕಿತ್ತು ನನಗೆ, ಮರುಕವಲ್ಲ. ಆ ಸುಳ್ಳು ನಿನಗೆ ಎಲ್ಲಿ ಚುಚ್ಚುತ್ತದೆ ಎಂಬುದು ತಲೆಗೇ ಬರಲಿಲ್ಲ.

ನೀನು ಹೋದಾಗ ಬಂದವರೆಲ್ಲ ಕೇಳಿದರು, “ಹುಡುಗ ಹೊಡೀತಿದ್ದನೇನ್ರೀ? ಕುಡೀತಿದ್ದನೇನು?” ಎರಡೂ ಇಲ್ಲ. ಮತ್ತೇಕೆ ಹೋದಳು ಎಂದು ನನಗೂ ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತದೆ. ನೀನಿದ್ದಾಗ ಮನೆಯ ಮೌನವನ್ನು ಇಬ್ಬರು ಹಂಚಿಕೊಂಡಿದ್ದೆವು, ಈಗ ಇಡೀ ಪಾಲು ನನಗೇ ಬಂದಿದೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರ ತನಕ ಕುಕ್ಕರಿನ ಸೀಟಿ ಬಿಟ್ಟರೆ ಇಲ್ಲಿ ಮಾತಾಡುವವರಿಲ್ಲ. ಬಂದ ಮೇಲೆ “ಊಟ?” “ಆತು.” ಮುಗಿಯಿತು. ಅವನು ಕೆಟ್ಟವನಲ್ಲ. ಆದರೆ ನೀನು ಹೋದದ್ದು ಸರಿ. ಹೆತ್ತವಳು ಇದನ್ನು ಬರೆಯಬಾರದು, ಬರೆದೆ.

ಹೆಸರು ದೂರ ಇಡಲು ಬರೆದೆಯೋ ಹತ್ತಿರಕ್ಕೋ, ನನಗೆ ಅದರಿಂದ ಎರಡು ತಿಂಗಳು ಬೆಚ್ಚಗಾಯಿತು. ಅದನ್ನು ತಿರುಗಿ ಕೇಳಬೇಡ.

ಒಂದು ಬೇಡಿಕೆ ಇದೆ, ಈ ಸಲ ನೆಪವಿಲ್ಲದೆ. ಒಂದು ದಿನ ಬಂದು ನನ್ನ ಎದುರಿಗೆ ನಿಲ್ಲು. ಮನೆಗೆ ಬಾ ಎನ್ನುವುದಿಲ್ಲ, ಮನೆಯ ಮಾತೂ ಎತ್ತುವುದಿಲ್ಲ. ನಿಜವಾದ ಕೈಯಿಂದ ಬಂದ ಚೆಂಡು ಹೇಗಿರುತ್ತದೆ ಎಂದು ನೋಡಬೇಕು.

ಅಲಕಾ

*

ಖಾನಾಪುರ
8 ಏಪ್ರಿಲ್ 2025

ಅಲಕಾ ಅವರಿಗೆ,

ತಡವಾಯಿತು. ಹತ್ತನೆಯ ತರಗತಿಯ ಪರೀಕ್ಷೆಯ ಕೆಲಸ ಇತ್ತು ಎಂದು ಬರೆಯಬಹುದು, ಇತ್ತು ಕೂಡ. ಆದರೆ ತಡವಾದದ್ದು ಅದರಿಂದಲ್ಲ. ‘ನೀನು ಹೋದದ್ದು ಸರಿ’ ಎಂದು ನನಗೆ ನನ್ನ ತಾಯಿಯೂ ಹೇಳಿಲ್ಲ.

ರವಿವಾರ 13ಕ್ಕೆ ಮೊದಲ ಬಸ್ಸಿಗೆ ಬರುತ್ತೇನೆ. ಕೋರ್ಟಿಗೆ ಮಾತ್ರ. ಕೈಯಿಂದಲೇ ಎಸೆಯುತ್ತೇನೆ, ಆದರೆ ಮೆಲ್ಲಗೆ ಎಸೆಯುವುದಿಲ್ಲ. ವಯಸ್ಸಾಯಿತು, ಪಾಪ ಎಂದು ಬಿಡುವುದಿಲ್ಲ. ಒಂದೇ ಜಾಗಕ್ಕಂತೂ ಖಂಡಿತ ಎಸೆಯುವುದಿಲ್ಲ.

ಮುಗ್ಧಾ

*

ಬೆಳಗಾವಿ
13 ಏಪ್ರಿಲ್ 2025, ಮಧ್ಯಾಹ್ನ

ಮುಗ್ಧಾ,

ಇಷ್ಟೊತ್ತಿಗೆ ನೀನು ಖಾನಾಪುರ ಮುಟ್ಟಿ ಮಲಗಿರಬೇಕು. ನನಗೆ ನಿದ್ದೆ ಬರುತ್ತಿಲ್ಲ. ಮೈಯೆಲ್ಲ ನೋವು, ಅದೂ ಹಿತವಾಗಿದೆ.

ಎಷ್ಟು ಚೆಂಡು ಬಿಟ್ಟೆ, ಎಷ್ಟು ಹಿಡಿದೆ ಎಂದು ನಾನು ಎಣಿಸಲಿಲ್ಲ. ಒಂದು ಮಾತ್ರ ಗೊತ್ತಾಯಿತು. ಕಾಲುಚೀಲದ ಚೆಂಡಿಗೆ ಮುಖವಿಲ್ಲ. ನೀನು ಎಸೆಯುವಾಗ ಎಲ್ಲಿ ಎಸೆಯುತ್ತೀ ಎಂದು ನಿನ್ನ ಮುಖ ನೋಡುತ್ತಿದ್ದೆ, ನೀನು ಬೇಕೆಂದೇ ಆ ಕಡೆ ನೋಡಿ ಈ ಕಡೆ ಎಸೆಯುತ್ತಿದ್ದೆ. ನಾನು ಮೋಸ ಹೋದಾಗ ನೀನು ನಕ್ಕದ್ದು, ಇರುವೆ ಮುತ್ತಿದ ದಿನ ನಕ್ಕ ಹಾಗೇ ಇತ್ತು.

ಮನಿಷಾ ಬಂದು “ಇವರ‍್ಯಾರ್ರೀ?” ಎಂದಳು. ರಾತ್ರಿಯಿಡೀ ಅದಕ್ಕೊಂದು ಉತ್ತರ ಕಟ್ಟಿಟ್ಟಿದ್ದೆ, ಅದು ಬಾಯಿಗೆ ಬರಲಿಲ್ಲ. “ನನಗ ಕಲಿಸಿದಾಕಿ” ಎಂದುಬಿಟ್ಟೆ. ನೀನು ಆ ಕಡೆ ತಿರುಗಿ ಚೆಂಡು ಆರಿಸತೊಡಗಿದೆ. ನನ್ನ ಕನ್ನಡಕ ಬೆವೆತಿತ್ತು, ನಿನ್ನ ಮುಖ ಕಾಣಲಿಲ್ಲ. ಬಸ್ಸು ಬರುವ ತನಕ, ಮನೆಗೆ ಬಾ, ಚಹಾಕ್ಕಾದರೂ ಬಾ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮಾತು ಕೊಟ್ಟಿದ್ದೆ, ನುಂಗಿಕೊಂಡೆ.

ಈಗ ಮನೆಯ ಮಾತು ಎತ್ತುವುದಿಲ್ಲ ಎಂಬ ಮಾತನ್ನು ಒಂದು ಸಲ ಮುರಿಯುತ್ತೇನೆ. ಊಟಕ್ಕೆ ಕುಳಿತಾಗ ವಿಕ್ರಮ ನನ್ನ ಮೊಣಕೈ ನೋಡಿದ. ನೀನು ಕೊನೆಗೆ ಎಸೆದದ್ದು ಅಲ್ಲಿ ಕೆಂಪಾಗಿ ಎದ್ದಿದೆ.

“ಕೈಗೆ ಏನಾತು?” ಎಂದ.

“ಬಾಲ್ ಬಡೀತು.”

“ಯಾರ್ ಹೊಡದ್ರು?”

“ಮುಗ್ಧಾ.”

ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ ತಟ್ಟೆ ನೋಡುತ್ತಲೇ, “ಹೆಂಗ ಅದಾಳ?” ಎಂದ.

ನಾಲ್ಕು ವರ್ಷ ನೀನು ಅದೇ ಮೇಜಿನ ಆ ಬದಿಗೆ ಕುಳಿತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನನಗೆ ಒಮ್ಮೆಲೇ ಸಿಟ್ಟು ಬಂತು. “ನಾ ಹೇಳೂದಿಲ್ಲ” ಎಂದೆ. “ಆಕಿ ಇಲ್ಲೇ ಇದ್ದಾಗ ಆಕೀನ್ನ ಕೇಳಬೇಕಿತ್ತು.”

ಅವನು ಅರ್ಧ ಊಟ ಬಿಟ್ಟು, ತಟ್ಟೆ ತಾನೇ ತೊಳೆದಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಗಿಲ ಹತ್ತಿರ ಹೋಗಿ ನಿಂತೆ. ಒಳಗೆ ಫ್ಯಾನು ತಿರುಗುವ ಸದ್ದು ಮಾತ್ರ. ಚೆನ್ನಾಗಿದ್ದಾಳೆ ಎಂದು ಒಂದು ಮಾತು ಹೇಳಿದ್ದರೆ ಅವನಿಗೂ ಹಗುರ, ನನಗೂ ಹಗುರ. ಹೇಳಲಿಲ್ಲ. ಜಾಂಬೋಟಿಗೆ ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬರುವವಳನ್ನು ಚೆನ್ನಾಗಿದ್ದಾಳೆ ಎಂದು ನಾನು ಹೇಗೆ ಹೇಳಲಿ?

ಅವನು ಕೇಳಿದ ಎಂಬುದು ನಿನಗೆ ಗೊತ್ತಿರಲಿ ಎಂದು ಬರೆದೆ, ಬೇರೆ ಯಾವ ಉದ್ದೇಶವೂ ಇಲ್ಲ. ಉತ್ತರ ನಿನ್ನದು. ಕೊಡುವುದೂ ಬಿಡುವುದೂ ನಿನಗೆ ಸೇರಿದ್ದು.

ಮುಂದಿನ ರವಿವಾರ ಬರುವುದಾದರೆ ಎಡಗಡೆಗೇ ಹೆಚ್ಚು ಎಸೆ. ಆ ಕಡೆ ನನಗೆ ಇನ್ನೂ ಅಂಜಿಕೆ ಇದೆ.

ಅಲಕಾ